ಹದಿಹರೆಯದವರು, ಖಾಸಗಿ ಫೋಟೋ ಮತ್ತು ಕಾನೂನು: ಕಳಿಸುವ ಮುಂಚೆ, ಕೈಗೆ ಬಂದ ಮೇಲೆ, ಹರಡಿದ ಮೇಲೆ

ಪಿಯು ಕಾಲೇಜುಗಳಲ್ಲಿ ಸೈಬರ್ ಕಾನೂನಿನ ಬಗ್ಗೆ ಮಾತಾಡಲು ಹೋದಾಗ ಯಾರೂ ಕೈ ಎತ್ತಿ ಪ್ರಶ್ನೆ ಕೇಳುವುದಿಲ್ಲ. ಅದಕ್ಕೇ ನಾನು ಎಲ್ಲರಿಗೂ ಒಂದೊಂದು ಚೀಟಿ ಕೊಡುತ್ತೇನೆ. ಹೆಸರು ಬೇಡ, ಪ್ರಶ್ನೆ ಮಾತ್ರ ಬರೆಯಿರಿ ಎನ್ನುತ್ತೇನೆ. ಡಬ್ಬಿಯಲ್ಲಿ ಒಂದು ಪ್ರಶ್ನೆ ಪ್ರತಿ ಸಲವೂ ಸಿಗುತ್ತದೆ: "ನನ್ನ ಫೋಟೋ ನಾನೇ ಇಷ್ಟಪಟ್ಟು ಕಳಿಸಿದ್ರೆ ಅದು ಕೇಸ್ ಹೇಗಾಗುತ್ತೆ?" ಅದರ ಕೆಳಗೆ ಕೆಲವೊಮ್ಮೆ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ: "ಆಗ್ಲೇ ಕಳಿಸಿಬಿಟ್ಟಿದ್ದೀನಿ. ಈಗ ಏನು ಮಾಡ್ಲಿ?"

ಈ ಎರಡು ಸಾಲಿಗೆ ಉತ್ತರ ಕೊಡಲು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಫೋಟೋ, ಚಿತ್ರ ಎಂದರೆ ಬೆತ್ತಲೆಯ ಅಥವಾ ಲೈಂಗಿಕ ರೀತಿಯ ಖಾಸಗಿ ಚಿತ್ರ. ಯಾರಾದರೂ ಈಗಾಗಲೇ ನಿಮ್ಮನ್ನು ಹೆದರಿಸುತ್ತಿದ್ದರೆ ನೇರವಾಗಿ "ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದರೆ" ಎಂಬ ಭಾಗಕ್ಕೆ ಹೋಗಿ. ಉಳಿದದ್ದನ್ನು ಆಮೇಲೆ ಓದಬಹುದು.

## 18 ಎಂಬ ಗೆರೆ

ನಮ್ಮ ದೇಶದ ಕಾನೂನಿನಲ್ಲಿ 18 ತುಂಬದವರೆಲ್ಲ ಮಕ್ಕಳು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಹೇಳುವುದೂ ಇದನ್ನೇ, ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಕಲಂ ಹೇಳುವುದೂ ಇದನ್ನೇ. ಹುಡುಗ, ಹುಡುಗಿ ಎಂಬ ಭೇದ ಇಲ್ಲ. ನಾಳೆ 18 ತುಂಬುವವರೂ ಇವತ್ತಿಗೆ ಮಗುವೇ. ಮಗು ಒಪ್ಪಿದೆ ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ. "ಅವಳೇ ಕಳಿಸಿದ್ದು", "ಇಬ್ಬರಿಗೂ ಇಷ್ಟ ಇತ್ತು" ಎಂದು ಎಷ್ಟು ಹೇಳಿದರೂ ಕೇಸು ಕರಗುವುದಿಲ್ಲ.

ತನ್ನದೇ ಫೋಟೋ ಆದರೆ ಪರವಾಗಿಲ್ಲ ಎನ್ನುವ ವಿನಾಯಿತಿ ಈ ಎರಡೂ ಕಾಯ್ದೆಗಳಲ್ಲಿ ಇಲ್ಲ. ಓದಿದರೆ ಭಯವಾಗುತ್ತದೆ, ಅಲ್ವಾ? ಆದರೆ ಪೋಕ್ಸೊ ಕಾಯ್ದೆ ಬಂದಿರುವುದೇ ಮಕ್ಕಳನ್ನು ಕಾಪಾಡಲಿಕ್ಕೆ. ಫೋಟೋ ಕಳಿಸಿ ಮೋಸಹೋದ ಮಗು ದೂರು ಕೊಡಲು ಬಂದರೆ ಅದನ್ನು ನೊಂದ ಮಗು ಎಂದೇ ನೋಡಬೇಕು. "ನಾನೂ ಕಳಿಸಿದ್ದೀನಲ್ಲ, ನನ್ನ ಮೇಲೇ ಕೇಸ್ ಹಾಕ್ತಾರೆ" ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದ ಮಕ್ಕಳನ್ನು ನಾನು ನೋಡಿದ್ದೇನೆ. ಹೆದರಿಸುವವನಿಗೆ ಬೇಕಾಗಿರುವುದೂ ಅದೇ ಮೌನ.

ಇನ್ನೊಂದು ಮಾತು. ಹುಡುಗ ಡಿಗ್ರಿ ಎರಡನೇ ವರ್ಷ, ವಯಸ್ಸು 19. ಹುಡುಗಿ ಪಿಯು ಮೊದಲ ವರ್ಷ, ವಯಸ್ಸು 16. ಕ್ಯಾಂಪಸ್ಸಿನಲ್ಲಿ ಇವರಿಬ್ಬರೂ "ಸ್ಟೂಡೆಂಟ್ಸ್". ಕಾನೂನಿನ ಕಣ್ಣಿಗೆ ಒಬ್ಬ ದೊಡ್ಡವನು, ಒಬ್ಬಳು ಮಗು. ಕೇಸಾದರೆ ಅವನು ಹೋಗುವುದು ದೊಡ್ಡವರ ಕೋರ್ಟಿಗೆ. ಆ ಕೆಲಸ ನಡೆದ ದಿನ ಎಷ್ಟು ವಯಸ್ಸಾಗಿತ್ತು ಎಂಬುದೇ ಲೆಕ್ಕ.

## ಯಾವ ಕೆಲಸಕ್ಕೆ ಯಾವ ಕಲಂ

ಕೇಳುವುದು. "ಒಂದೇ ಒಂದು ಫೋಟೋ, ನಂಬಿಕೆ ಇಲ್ವಾ?" ಎಂದು ಮಗುವನ್ನು ಪುಸಲಾಯಿಸುವುದೂ ಅಪರಾಧ. ಪೋಕ್ಸೊ 11 ಮತ್ತು 12ನೇ ಕಲಂ ಅಡಿಯಲ್ಲಿ 3 ವರ್ಷದವರೆಗೆ ಜೈಲು, ದಂಡ. ಕೇಳಿ ಕೇಳಿ ಅಂಥ ಚಿತ್ರವನ್ನು ಮಾಡಿಸಿಕೊಂಡರೆ 13 ಮತ್ತು 14ನೇ ಕಲಂ ಬರಬಹುದು. ಅಲ್ಲಿ ಶಿಕ್ಷೆ 5 ವರ್ಷಕ್ಕಿಂತ ಕಡಿಮೆ ಆಗುವ ಹಾಗಿಲ್ಲ.

ಕಳಿಸುವುದು, ಫಾರ್ವರ್ಡ್ ಮಾಡುವುದು, ಸ್ಟೇಟಸ್ಸಿಗೆ ಹಾಕುವುದು. ಐಟಿ ಕಾಯ್ದೆಯ 67ಬಿ ಕಲಂ. ಮೊದಲ ಸಲಕ್ಕೆ 5 ವರ್ಷದವರೆಗೆ ಜೈಲು ಮತ್ತು 10 ಲಕ್ಷ ರೂಪಾಯಿವರೆಗೆ ದಂಡ. ಎರಡನೇ ಸಲಕ್ಕೆ 7 ವರ್ಷದವರೆಗೆ. ಈ ಕಲಂ ತುಂಬಾ ಅಗಲ. ಮಕ್ಕಳ ಇಂಥ ಚಿತ್ರವನ್ನು ತಯಾರಿಸುವುದು, ಹುಡುಕುವುದು, ನೋಡುವುದು, ಡೌನ್‌ಲೋಡ್ ಮಾಡುವುದು, ಅದಲುಬದಲು ಮಾಡಿಕೊಳ್ಳುವುದು ಎಲ್ಲವೂ ಅದರೊಳಗೆ ಬರುತ್ತವೆ. ಒಬ್ಬ ಗೆಳೆಯನಿಗೆ ಮಾತ್ರ ಕಳಿಸಿದೆ ಎಂದರೂ ಕಳಿಸಿದ್ದು ಕಳಿಸಿದ್ದೇ.

ಇಟ್ಟುಕೊಳ್ಳುವುದು. ಹಂಚುವ ಉದ್ದೇಶದಿಂದ ಇಟ್ಟುಕೊಂಡು, ಅಳಿಸದೆ, ವರದಿಯನ್ನೂ ಮಾಡದಿದ್ದರೆ ಪೋಕ್ಸೊ 15ನೇ ಕಲಂ. ಇದಕ್ಕೆ ಕನಿಷ್ಠ 5,000 ರೂಪಾಯಿ ದಂಡ. ಹಂಚಲೆಂದೇ ಇಟ್ಟುಕೊಂಡು ಅದಕ್ಕಾಗಿ ಕೆಲಸವನ್ನೂ ಮಾಡಿದರೆ 3 ವರ್ಷದವರೆಗೆ ಜೈಲು. ದುಡ್ಡಿಗೆ ಮಾರಲು ಇಟ್ಟುಕೊಂಡರೆ ಕನಿಷ್ಠ 3 ವರ್ಷ.

ಹೆದರಿಸುವುದು. "ಎಲ್ಲರಿಗೂ ತೋರಿಸ್ತೀನಿ" ಎಂದ ತಕ್ಷಣ ಅಪರಾಧ ಆಗಿಹೋಯಿತು, ನಿಜವಾಗಿ ತೋರಿಸಬೇಕೆಂದಿಲ್ಲ. ಪೋಕ್ಸೊ 11ನೇ ಕಲಂ ಇದನ್ನು ಬಿಡಿಸಿ ಹೇಳುತ್ತದೆ. ಚಿತ್ರ ನಿಜವಾದದ್ದಾಗಲಿ, ಕೃತಕವಾಗಿ ಮಾಡಿದ್ದಾಗಲಿ, ಎರಡಕ್ಕೂ ಇದು ಅನ್ವಯಿಸುತ್ತದೆ. ದುಡ್ಡು ಕೇಳಿದರೆ ಸುಲಿಗೆಯ ಕಲಂ ಕೂಡ ಸೇರುತ್ತದೆ.

ಮಾರ್ಫ್ ಮಾಡುವುದು. ಕ್ಲಾಸ್‌ಮೇಟ್‌ಳ ಇನ್‌ಸ್ಟಾಗ್ರಾಂ ಫೋಟೋ ತೆಗೆದು ಎಐ ಆ್ಯಪಿಗೆ ಹಾಕುವವರು "ಅದು ನಿಜವಾದ ಫೋಟೋನೇ ಅಲ್ವಲ್ಲ" ಎನ್ನುತ್ತಾರೆ. ಪೋಕ್ಸೊ ಕಾಯ್ದೆಗೆ ಬಂದ 2019ರ ತಿದ್ದುಪಡಿ ಈ ಬಾಗಿಲನ್ನು ಮುಚ್ಚಿದೆ. ಕಂಪ್ಯೂಟರಿನಲ್ಲಿ ಕಟ್ಟಿದ, ತಿದ್ದಿದ ಚಿತ್ರ ಮಗುವಿನಂತೆ ಕಂಡರೂ ಕಾಯ್ದೆಯೊಳಗೆ ಬರುತ್ತದೆ. ಇದನ್ನು ಹುಡುಗರಿಗೆ ನಾನು ಎರಡೆರಡು ಸಲ ಹೇಳುತ್ತೇನೆ. ಏಕೆಂದರೆ ಇದನ್ನು ತಮಾಷೆ ಎಂದೇ ತಿಳಿದು ಮಾಡುತ್ತಾರೆ. ಆ ಹುಡುಗಿ ಮಾತ್ರ ಕಾಲೇಜಿಗೆ ಬರುವುದನ್ನೇ ಬಿಡುತ್ತಾಳೆ.

ಇವುಗಳ ಜೊತೆ ಐಟಿ ಕಾಯ್ದೆಯ 66ಇ ಇದೆ. ಒಪ್ಪಿಗೆ ಇಲ್ಲದೆ ಯಾರದೇ ಖಾಸಗಿ ಅಂಗದ ಚಿತ್ರ ತೆಗೆಯುವುದು, ಹಂಚುವುದು ಇದರ ವಿಷಯ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಕೂಡ ಇದೆ. ಹೆಣ್ಣುಮಗಳು ಫೋಟೋ ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪದಿದ್ದರೆ, ಹಂಚುವುದು ಅಪರಾಧ ಎನ್ನುತ್ತದೆ ಅದು. 18 ದಾಟಿದವರಿಗೆ ಇವೆರಡು ಮುಖ್ಯ.

ಹಳೆಯ ಪ್ರಕರಣವೊಂದನ್ನು ನೆನಪಿಸುತ್ತೇನೆ. 2004ರ ಕೊನೆಯಲ್ಲಿ ದೆಹಲಿಯ ಇಬ್ಬರು ಶಾಲಾಮಕ್ಕಳ ವಿಡಿಯೋ ಎಂಎಂಎಸ್ ಮೂಲಕ ಹರಡಿತು. ಖರಗ್‌ಪುರ ಐಐಟಿಯ ವಿದ್ಯಾರ್ಥಿಯೊಬ್ಬ ಅದನ್ನು ಬಾಜೀ ಡಾಟ್ ಕಾಮ್ ಎಂಬ ತಾಣದಲ್ಲಿ ಮಾರಾಟಕ್ಕೆ ಹಾಕಿ ಬಂಧನಕ್ಕೆ ಒಳಗಾದ. ಆ ಕಂಪನಿಯ ಮುಖ್ಯಸ್ಥರೂ ಬಂಧನಕ್ಕೆ ಒಳಗಾದರು. ವಿಡಿಯೋದಲ್ಲಿದ್ದ ಹುಡುಗ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಯಿತು. ಆಗ ಪೋಕ್ಸೊ ಇರಲಿಲ್ಲ, 67ಬಿ ಇರಲಿಲ್ಲ, ವಾಟ್ಸಾಪ್ ಕೂಡ ಇರಲಿಲ್ಲ. ಇಪ್ಪತ್ತು ವರ್ಷ ದಾಟಿದರೂ ಜನ ಅದನ್ನು ಮರೆತಿಲ್ಲ.

## ಗ್ರೂಪಿಗೆ ಬಂದು ಬಿದ್ದರೆ

"ನಾನೇನೂ ಮಾಡಿಲ್ಲ, ಗ್ರೂಪಲ್ಲಿ ಬಂತು ಅಷ್ಟೇ." ಇದು ಚೀಟಿಗಳಲ್ಲಿ ಕಾಣುವ ಎರಡನೇ ದೊಡ್ಡ ವಿಷಯ.

ಈ ವಿಷಯದಲ್ಲಿ ಕೋರ್ಟುಗಳಲ್ಲೇ ಸ್ವಲ್ಪ ಗೊಂದಲ ಇತ್ತು. 2024ರ ಜುಲೈನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, ಬರೀ ನೋಡುವುದು 67ಬಿ ಅಡಿ ಅಪರಾಧ ಆಗುವುದಿಲ್ಲ ಎಂದು ಒಂದು ಆದೇಶ ಕೊಟ್ಟಿತು. ಕೆಲವೇ ದಿನಗಳಲ್ಲಿ ತಾನೇ ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಮದ್ರಾಸ್ ಹೈಕೋರ್ಟಿನ ಅಂಥದೇ ತೀರ್ಪೊಂದನ್ನು ರದ್ದು ಮಾಡಿ ವಿಷಯವನ್ನು ಇತ್ಯರ್ಥ ಮಾಡಿತು. ಮಕ್ಕಳ ಇಂಥ ಚಿತ್ರವನ್ನು ಅಳಿಸದೆ, ವರದಿ ಮಾಡದೆ ಇಟ್ಟುಕೊಂಡರೆ 15ನೇ ಕಲಂ ಬರಬಹುದು. ಡೌನ್‌ಲೋಡ್ ಮಾಡದೆ ಆನ್‌ಲೈನಿನಲ್ಲೇ ನೋಡಿದರೂ ನಿಮ್ಮ ವಶದಲ್ಲಿತ್ತು ಎಂದು ಪರಿಗಣಿಸಬಹುದು. ಇದನ್ನು "ಪೋರ್ನ್" ಎಂದು ಕರೆಯಬೇಡಿ, ಮಗುವಿನ ಮೇಲೆ ನಡೆದ ಶೋಷಣೆಯ ಸಾಕ್ಷ್ಯ ಎಂದು ನೋಡಿ ಎಂದೂ ಕೋರ್ಟ್ ಹೇಳಿತು. ನನಗೆ ಈ ಮಾತು ತುಂಬಾ ಸರಿ ಅನಿಸಿತು.

ನಿಮ್ಮ ಫೋನಿಗೆ ಬಂದರೆ ಹೀಗೆ ಮಾಡಿ:

1. ಯಾರಿಗೂ ಫಾರ್ವರ್ಡ್ ಮಾಡಬೇಡಿ. "ಇದು ನಮ್ಮ ಕ್ಲಾಸಿನವಳೇ ನೋಡು" ಎಂದು ತೋರಿಸಲೂ ಬೇಡಿ. ಅವಳಿಗೆ ತಿಳಿಸಬೇಕಿದ್ದರೆ ಮಾತಲ್ಲಿ ತಿಳಿಸಿ, ಫೋಟೋ ಕಳಿಸಿ ಅಲ್ಲ.
2. ಕಳಿಸಿದವರ ನಂಬರು, ಗ್ರೂಪಿನ ಹೆಸರು, ದಿನ, ಹೊತ್ತು ಬರೆದಿಟ್ಟುಕೊಳ್ಳಿ. ಚಿತ್ರದ ಸ್ಕ್ರೀನ್‌ಶಾಟ್ ತೆಗೆಯಬೇಡಿ. ತೆಗೆದರೆ ಇನ್ನೊಂದು ಪ್ರತಿ ಹುಟ್ಟಿದ ಹಾಗೆ.
3. ನಂಬುವ ದೊಡ್ಡವರೊಬ್ಬರಿಗೆ ಹೇಳಿ. ಪೊಲೀಸರಿಗೆ ಅಥವಾ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್ಲಿಗೆ ವರದಿ ಮಾಡಿ. ಪೋರ್ಟಲ್ಲಿನಲ್ಲಿ ಹೆಸರು ಹೇಳದೆಯೂ ವರದಿ ಮಾಡುವ ದಾರಿ ಇದೆ.
4. ಆಮೇಲೆ ಅಳಿಸಿ. ಗ್ಯಾಲರಿ ಒಂದರಿಂದ ಅಳಿಸಿದರೆ ಸಾಲದು. ಟ್ರ್ಯಾಶ್ ಫೋಲ್ಡರು, ಗೂಗಲ್ ಫೋಟೋಸ್ ಬ್ಯಾಕಪ್ ಎರಡನ್ನೂ ನೋಡಿ.
5. ಗ್ರೂಪಿನಿಂದ ಹೊರಗೆ ಬನ್ನಿ. ವಾಟ್ಸಾಪ್ ಸೆಟ್ಟಿಂಗ್ಸಿನಲ್ಲಿ ಮೀಡಿಯಾ ಆಟೋ ಡೌನ್‌ಲೋಡ್ ಆಫ್ ಮಾಡಿ. ಈ ಒಂದು ಕೆಲಸವನ್ನು ಇವತ್ತೇ ಮಾಡಬಹುದು.

"ನನ್ನ ಫೋನ್ ಯಾರು ನೋಡ್ತಾರೆ?" ಎಂದು ಕೇಳುವವರಿಗೆ ಒಂದು ವಿಷಯ ಗೊತ್ತಿರಲಿ. ದೊಡ್ಡ ಕಂಪನಿಗಳು ತಮ್ಮ ಸರ್ವರಿನಲ್ಲಿ ಇಂಥ ಚಿತ್ರ ಕಂಡರೆ ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಎಂಬ ಸಂಸ್ಥೆಗೆ ತಿಳಿಸುತ್ತವೆ. 2019ರಲ್ಲಿ ನಮ್ಮ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಆ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಆ ಮಾಹಿತಿ ದೆಹಲಿಗೆ ಬಂದು, ರಾಜ್ಯದ ಪೊಲೀಸರಿಗೆ ತಲುಪಿ, ಕೊನೆಗೆ ಜಿಲ್ಲೆಯ ಠಾಣೆಗೆ ಬರುತ್ತದೆ. ಯಾರೂ ದೂರು ಕೊಡದೆಯೇ ಮನೆ ಬಾಗಿಲಿಗೆ ಪೊಲೀಸರು ಬರುವುದು ಹೀಗೆ. ಆ ನಂಬರು ಹೆಚ್ಚಾಗಿ ಅಪ್ಪನ ಹೆಸರಲ್ಲಿರುತ್ತದೆ. ಮೊದಲ ಪ್ರಶ್ನೆ ಕೇಳುವುದೂ ಅಪ್ಪನನ್ನೇ.

## ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದರೆ

ಮೊದಲು ಒಂದು ಲೋಟ ನೀರು ಕುಡಿಯಿರಿ. ಸುಮ್ನೆ ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ಕೈ ನಡುಗುತ್ತಿರುತ್ತದೆ, ತಪ್ಪು ಬಟನ್ ಒತ್ತುವುದು ಆಗಲೇ. "ಹತ್ತು ನಿಮಿಷದಲ್ಲಿ ಕಳಿಸದಿದ್ರೆ ನೋಡು" ಎಂದು ಅವನು ಆತುರಪಡಿಸುವುದೂ ನೀವು ಯೋಚಿಸಬಾರದು ಎಂದೇ.

1. ದುಡ್ಡು ಕೊಡಬೇಡಿ, ಇನ್ನೊಂದು ಫೋಟೋ ಕೊಡಬೇಡಿ. ಒಮ್ಮೆ ಕೊಟ್ಟರೆ ಇವರು ಕೊಡುತ್ತಾರೆ ಎಂದು ಗೊತ್ತಾಗುತ್ತದೆ, ಮತ್ತೆ ಕೇಳುತ್ತಾರೆ. ಈಗಾಗಲೇ ಯುಪಿಐ ಮೂಲಕ ಕೊಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡು ತಡೆಯುವ ಸಾಧ್ಯತೆ ಜಾಸ್ತಿ.
2. ಜಗಳ ಆಡಬೇಡಿ, ಬೇಡಿಕೊಳ್ಳಬೇಡಿ. ಉತ್ತರ ಕೊಡುವುದನ್ನು ನಿಲ್ಲಿಸಿ.
3. ಚಾಟ್ ಅಳಿಸಬೇಡಿ. ನಾಚಿಕೆಯಿಂದ ಎಲ್ಲವನ್ನೂ ಡಿಲೀಟ್ ಮಾಡುವ ಮಕ್ಕಳೇ ಹೆಚ್ಚು. ಬೆದರಿಕೆಯ ಮಾತುಗಳು, ಪ್ರೊಫೈಲಿನ ಲಿಂಕು, ಯೂಸರ್‌ನೇಮ್, ಫೋನ್ ನಂಬರು, ಯುಪಿಐ ಐಡಿ, ಇವುಗಳ ಸ್ಕ್ರೀನ್‌ಶಾಟ್ ಬೇಕು. ಹೆಸರು, ಡಿಪಿ ಎರಡನ್ನೂ ಅವರು ನಿಮಿಷದಲ್ಲಿ ಬದಲಾಯಿಸುತ್ತಾರೆ, ಆದ್ದರಿಂದ ಲಿಂಕ್ ಬರೆದಿಟ್ಟುಕೊಳ್ಳುವುದು ಮುಖ್ಯ.
4. ಆಮೇಲೆ ಆ ಅಕೌಂಟನ್ನು ಆ್ಯಪಿನೊಳಗೇ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ನಿಮ್ಮ ಫ್ರೆಂಡ್ಸ್ ಪಟ್ಟಿಯನ್ನು ಮುಚ್ಚಿಡಿ. ಅವನ ಕೈಯಲ್ಲಿರುವ ಆಯುಧ ಆ ಪಟ್ಟಿಯೇ.
5. ಇವತ್ತೇ ಯಾರಿಗಾದರೂ ಹೇಳಿ. ಅಮ್ಮ, ಅಕ್ಕ, ಚಿಕ್ಕಪ್ಪ, ಟೀಚರ್, ಯಾರು ಕೂಗಾಡುವುದಿಲ್ಲವೋ ಅವರಿಗೆ. ಟೀಚರಿಗೆ ಹೇಳಿದರೆ ಅವರು ಪೊಲೀಸರಿಗೆ ತಿಳಿಸಲೇಬೇಕು, ಕಾನೂನು ಅವರ ಮೇಲೆ ಆ ಹೊಣೆ ಹಾಕಿದೆ. ಇದು ಮೊದಲೇ ಗೊತ್ತಿದ್ದರೆ ಆಮೇಲೆ ಅವರು ಮೋಸ ಮಾಡಿದರು ಅನಿಸುವುದಿಲ್ಲ.

ಹುಡುಗರಿಗೆ ಬೇರೆಯಾಗಿ ಹೇಳಬೇಕು. ಹುಡುಗಿಯ ಹೆಸರಿನ ಅಕೌಂಟಿನಿಂದ ವಿಡಿಯೋ ಕಾಲ್ ಮಾಡಿ, ರೆಕಾರ್ಡ್ ಮಾಡಿಕೊಂಡು ದುಡ್ಡು ಕೇಳುವ ಜಾಲಗಳು ಹುಡುಗರನ್ನೇ ಹುಡುಕುತ್ತವೆ. ಗಂಡು ಹುಡುಗ, ಇದನ್ನೆಲ್ಲ ಹೇಳಿಕೊಳ್ಳುವುದಾ ಎಂದು ಒಳಗೇ ಬೇಯುವವರಿದ್ದಾರೆ. ಪೋಕ್ಸೊ ನಿಮ್ಮನ್ನೂ ಕಾಯುತ್ತದೆ.

ಬದುಕುವುದೇ ಬೇಡ ಅನಿಸುವಷ್ಟು ಕಷ್ಟವಾದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹಗಲು ರಾತ್ರಿ ಇರುತ್ತಾರೆ.

## ಇಂಟರ್‌ನೆಟ್ಟಿನಿಂದ ತೆಗೆಸುವುದು

18 ತುಂಬುವ ಮುಂಚಿನ ಚಿತ್ರಕ್ಕೆ "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆ ಇದೆ. ಎನ್‌ಸಿಎಂಇಸಿ 2023ರಲ್ಲಿ ಇದನ್ನು ಜಗತ್ತಿಗೆಲ್ಲ ತೆರೆಯಿತು. ಹೆಸರು ಕೇಳುವುದಿಲ್ಲ. ನಿಮ್ಮ ಫೋನಿನಲ್ಲಿರುವ ಚಿತ್ರವನ್ನು ಆರಿಸಿದರೆ, ಫೋನಿನೊಳಗೇ ಅದರ ಬೆರಳಚ್ಚಿನಂಥ ಒಂದು ಸಂಖ್ಯೆ ತಯಾರಾಗುತ್ತದೆ. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಹೊರಗೆ ಹೋಗುವುದು ಆ ಸಂಖ್ಯೆ ಮಾತ್ರ, ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮುಂತಾದ ತಾಣಗಳು ಆ ಸಂಖ್ಯೆಗೆ ಹೊಂದುವ ಚಿತ್ರ ಕಂಡರೆ ತೆಗೆಯುತ್ತವೆ. ಯಾರೂ ಇನ್ನೂ ಅಪ್‌ಲೋಡ್ ಮಾಡದಿದ್ದರೂ ಮುಂಚೆಯೇ ಇದನ್ನು ಮಾಡಿಡಬಹುದು. ವಾಟ್ಸಾಪ್ ಚಾಟಿನ ಒಳಗೆ ಮಾತ್ರ ಇದು ನಡೆಯುವುದಿಲ್ಲ. 18 ದಾಟಿದ ಮೇಲಿನ ಚಿತ್ರಗಳಿಗೆ "ಸ್ಟಾಪ್ ಎನ್‌ಸಿಐಐ" ಎಂಬ ಇನ್ನೊಂದು ಸೇವೆ ಇದೆ.

ತಾಣಕ್ಕೆ ನೇರ ದೂರನ್ನೂ ಕೊಡಿ. ಇಂಥ ಚಿತ್ರದ ಬಗ್ಗೆ, ಮಾರ್ಫ್ ಮಾಡಿದ್ದಾದರೂ ಸರಿ, ಅದರಲ್ಲಿರುವವರೇ ದೂರು ಕೊಟ್ಟರೆ 24 ಗಂಟೆಗಿಂತ ಹೆಚ್ಚು ಹೊತ್ತು ಉಳಿಸಿಕೊಳ್ಳುವ ಹಾಗಿಲ್ಲ ಎಂದು 2021ರ ಐಟಿ ನಿಯಮಗಳು ಹೇಳಿದವು. ಅವರ ಪರವಾಗಿ ಬೇರೆಯವರೂ ದೂರು ಕೊಡಬಹುದು. ದೂರು ಕೊಟ್ಟ ಹೊತ್ತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

## ಪೊಲೀಸರ ಹತ್ತಿರ ಹೋಗುವಾಗ

ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್ಲಿನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ಅಪರಾಧಗಳಿಗೆ ಪ್ರತ್ಯೇಕ ವಿಭಾಗ ಇದೆ. ಮಕ್ಕಳ ಸಹಾಯವಾಣಿ 1098. ತುರ್ತಿದ್ದರೆ 112. ಕರ್ನಾಟಕದಲ್ಲಿ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗಾಗಿ ಸಿಇಎನ್ ಠಾಣೆ ಇದೆ, ಪತ್ರಿಕೆಗಳಲ್ಲಿ ಸೆನ್ ಠಾಣೆ ಎಂದು ಬರೆಯುತ್ತಾರಲ್ಲ, ಅದೇ. ಸೈಬರ್ ಪ್ರಕರಣ ನೋಡಿ ಅನುಭವ ಇರುವವರು ಅಲ್ಲಿರುತ್ತಾರೆ. ಆದರೆ ನಿಮ್ಮ ಹತ್ತಿರದ ಠಾಣೆಯವರು "ಇದು ನಮ್ಮ ವ್ಯಾಪ್ತಿ ಅಲ್ಲ" ಎಂದು ವಾಪಸ್ ಕಳಿಸುವ ಹಾಗಿಲ್ಲ. ಯಾವ ಠಾಣೆಯಲ್ಲಾದರೂ ಜೀರೋ ಎಫ್‌ಐಆರ್ ಮಾಡಿಸಬಹುದು.

ಪೋಕ್ಸೊ 24ನೇ ಕಲಂ ಬಗ್ಗೆ ಮನೆಯವರಿಗೂ ಗೊತ್ತಿರಲಿ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಹೇಳಿದ ಕಡೆ ಪಡೆಯಬೇಕು. ಆದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರೇ ಪಡೆಯಬೇಕು. ಯೂನಿಫಾರಂ ಹಾಕಿರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳಬಾರದು. ಹೆಸರು, ಶಾಲೆ, ಊರು ಯಾವುದನ್ನೂ ಮಾಧ್ಯಮದಲ್ಲಿ ಬರೆಯುವ ಹಾಗಿಲ್ಲ. ವಕೀಲರಿಗೆ ದುಡ್ಡಿಲ್ಲ ಎಂಬ ಚಿಂತೆ ಬೇಡ. ಮಕ್ಕಳಿಗೆ ಉಚಿತ ಕಾನೂನು ನೆರವು ಹಕ್ಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ.

## ತಪ್ಪು ಮಾಡಿದ್ದು ನೀವೇ ಆದರೆ

ಇದನ್ನೂ ಬರೆಯಲೇಬೇಕು. ಫಾರ್ವರ್ಡ್ ಮಾಡಿದ ಹುಡುಗನೂ ಮಗುವೇ.

ಮೊದಲು, ಈ ಕ್ಷಣವೇ ನಿಲ್ಲಿಸಿ. ಹಾಕಿದ್ದನ್ನು ತೆಗೆಯಿರಿ. ಯಾರ್ಯಾರಿಗೆ ಕಳಿಸಿದ್ದೀರೋ ಅವರಿಗೆ ಅಳಿಸಲು ಹೇಳಿ. ಆ ಮಗುವಿನ ಮನೆಗೆ ಹೋಗಿ "ದೂರು ಕೊಡಬೇಡಿ" ಎಂದು ಒತ್ತಾಯ ಮಾಡಬೇಡಿ, ಅದು ಇನ್ನೊಂದು ಕೇಸಾಗುತ್ತದೆ. ಮನೆಯಲ್ಲಿ ಹೇಳಿ, ವಕೀಲರನ್ನು ಕಾಣಿ.

18ರೊಳಗಿನವರ ಪ್ರಕರಣ 2015ರ ಬಾಲನ್ಯಾಯ ಕಾಯ್ದೆಯಂತೆ ನಡೆಯುತ್ತದೆ. ನಿಮ್ಮನ್ನು ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ, ಜೈಲಿಗೆ ಕಳಿಸುವ ಹಾಗಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆ. ಬುದ್ಧಿಮಾತು, ಆಪ್ತಸಮಾಲೋಚನೆ, ಸಮುದಾಯ ಸೇವೆ, ಮನೆಯವರ ನಿಗಾ, ಇಂಥ ಆದೇಶಗಳನ್ನು ಅವರು ಕೊಡಬಹುದು. ತಪ್ಪು ಮಾಡಿದ ಮಕ್ಕಳನ್ನು ಇರಿಸುವ ವಿಶೇಷ ಗೃಹಕ್ಕೆ ಕಳಿಸುವುದಾದರೆ ಹೆಚ್ಚೆಂದರೆ 3 ವರ್ಷ. 16 ದಾಟಿದವರನ್ನು ದೊಡ್ಡವರಂತೆ ವಿಚಾರಣೆ ಮಾಡುವ ದಾರಿ ಇದೆ, ಆದರೆ ಅದು ಕನಿಷ್ಠ ಶಿಕ್ಷೆಯೇ 7 ವರ್ಷ ಇರುವ ಅಪರಾಧಗಳಿಗೆ. ಬರೀ ಫೋಟೋ ಹಂಚಿದ ಪ್ರಕರಣ ಸಾಮಾನ್ಯವಾಗಿ ಅದಕ್ಕೆ ಬರುವುದಿಲ್ಲ.

ಪಾಸ್‌ಪೋರ್ಟ್, ಕೆಲಸ ಎಲ್ಲ ಹಾಳಾಯ್ತಾ ಎಂದು ಅಪ್ಪಂದಿರು ಕೇಳುತ್ತಾರೆ. ಬಾಲನ್ಯಾಯ ಕಾಯ್ದೆಯಂತೆ ಮುಗಿದ ಪ್ರಕರಣದಿಂದ ಮಗುವಿನ ಮುಂದಿನ ಬದುಕಿಗೆ ಅನರ್ಹತೆ ಬರಬಾರದು. ಸ್ವಲ್ಪ ಕಾಲದ ನಂತರ ದಾಖಲೆಯನ್ನೂ ನಾಶ ಮಾಡಬೇಕು. ಆದರೆ 18 ತುಂಬಿದ ಮರುದಿನ ಇದೇ ಕೆಲಸ ಮಾಡಿದರೆ ಇದರಲ್ಲಿ ಒಂದೂ ಸಿಗುವುದಿಲ್ಲ.

## ಅಪ್ಪ ಅಮ್ಮಂದಿರಿಗೆ

ಹೊಡೆಯಬೇಡಿ. ಫೋನ್ ಒಡೆದುಹಾಕಬೇಡಿ, ಸಾಕ್ಷ್ಯ ಇರುವುದು ಅದರಲ್ಲೇ. "ಇವನು ಯಾರು ಅಂತ ಪತ್ತೆ ಮಾಡಿ" ಎಂದು ಆ ಚಿತ್ರವನ್ನು ನೆಂಟರಿಗೆ ಕಳಿಸುವ ಅಪ್ಪಂದಿರಿದ್ದಾರೆ. ಹಾಗೆ ಕಳಿಸಿದರೆ 67ಬಿ ನಿಮಗೂ ಅನ್ವಯಿಸುತ್ತದೆ.

ಊರ ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವುದೂ ಬೇಡ. ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಎಂದು ಗೊತ್ತಿದ್ದೂ ತಿಳಿಸದ ದೊಡ್ಡವರಿಗೆ ಪೋಕ್ಸೊ 21ನೇ ಕಲಂ ಅಡಿ 6 ತಿಂಗಳವರೆಗೆ ಜೈಲು ಇದೆ. ತಿಳಿಸದೆ ಇದ್ದ ಮಗುವಿಗೆ ಈ ಶಿಕ್ಷೆ ಇಲ್ಲ.

## ಕರೆ ಮಾಡಿದಾಗ ಏನು ಹೇಳುವುದು

1098ಕ್ಕೆ ಡಯಲ್ ಮಾಡಿ, ಆ ಕಡೆ "ಹಲೋ" ಎಂದ ಕೂಡಲೇ ಮಾತು ನಿಂತು ಫೋನ್ ಇಟ್ಟೆ ಎಂದು ಒಂದು ಚೀಟಿಯಲ್ಲಿತ್ತು. ಆ ಹುಡುಗಿಗಾಗಿ ನಾಲ್ಕು ಸಾಲು ಬರೆದುಕೊಟ್ಟೆ. ಬೇಕಾದವರು ಇದನ್ನೇ ನೋಡಿಕೊಂಡು ಓದಬಹುದು:

"ನನಗೆ 16 ವರ್ಷ. ನನ್ನ ಫೋಟೋ ಇಟ್ಕೊಂಡು ಒಬ್ಬರು ಹೆದರಿಸ್ತಾ ಇದ್ದಾರೆ. ಅವರ ಮೆಸೇಜ್ ನನ್ನ ಹತ್ರ ಇವೆ. ಮನೇಲಿ ಇನ್ನೂ ಗೊತ್ತಿಲ್ಲ, ನನಗೆ ಸಹಾಯ ಬೇಕು."

ಮನೆಯಲ್ಲಿ ಬಾಯಿ ಬಿಡಲು ಆಗದಿದ್ದರೆ, ಅಮ್ಮನ ಫೋನಿಗೆ ಕಳಿಸಲು ಇದು:

"ಅಮ್ಮಾ, ನನ್ನಿಂದ ಒಂದು ತಪ್ಪಾಗಿದೆ. ಬೈಯೋದಿದ್ರೆ ಆಮೇಲೆ ಬೈ. ಈಗ ನನ್ನ ಪಕ್ಕ ಬಂದು ಕೂತ್ಕೊ, ಒಂದು ಕಡೆ ಫೋನ್ ಮಾಡ್ಬೇಕು."